ಮಂಗಳನಿಂದ ಚೋರಡಿಗೆ: ಸಾಹಸಕಥೆಯ ಸಾಲದ ಲೆಕ್ಕ

ಶಿವಮೊಗ್ಗದಿಂದ ಸಾಗರದ ಹೆದ್ದಾರಿ ಹಿಡಿದರೆ ಆಯನೂರು, ಕುಂಸಿ, ಚೋರಡಿ, ಆನಂದಪುರ ಒಂದರ ಹಿಂದೊಂದು ಸಿಗುತ್ತವೆ. ಜೋಗ ನೋಡಲು ಹೊರಟವರು ಗಮನಿಸುವಷ್ಟರಲ್ಲಿ ಚೋರಡಿ ಹಿಂದೆ ಬಿದ್ದಿರುತ್ತದೆ. ಬೇಟೆಯ ಸಾಹಸಕಥೆಗಳನ್ನು ಇಂಗ್ಲಿಷಿನಲ್ಲಿ ಓದುವವರಿಗೆ ಮಾತ್ರ ಈ ಹಳ್ಳಿಯ ಹೆಸರು ಚೆನ್ನಾಗಿ ಗೊತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ 1957ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕತ್ತಿನ ಸುತ್ತ ಕೇಸರ ಬೆಳೆದಿದ್ದ ಚೋರಡಿಯ ಹುಲಿಗೇ ಒಂದು ಅಧ್ಯಾಯ ಮೀಸಲಾಗಿದೆ. ಅದಕ್ಕೂ ಮೂರು ವರ್ಷ ಮೊದಲಿನ ಪುಸ್ತಕದಲ್ಲಿ ಇದೇ ಸೀಮೆಯ ತ್ಯಾಗರ್ತಿಯ ಹುಲಿಗಳ ಕಥೆಯಿದೆ. ಹೀಗೆ ಆಯನೂರಿನಾಚೆಯ ಕಾಡು ಜಗತ್ತಿನ ಸಾಹಸಸಾಹಿತ್ಯದ ನಕ್ಷೆಗೆ ಸೇರಿ ಸುಮಾರು ಎಪ್ಪತ್ತು ವರ್ಷವಾಯಿತು.

ಅದೇ ಶತಮಾನದ ಆರಂಭದಲ್ಲಿ ಅಮೆರಿಕದ ಅಗ್ಗದ ಪತ್ರಿಕೆಗಳಲ್ಲಿ ಇನ್ನೊಂದು ಬಗೆಯ ಸಾಹಸಕಥೆ ಬೆಳೆದಿತ್ತು. ಅದರ ನಾಯಕ ಭೂಮಿಯನ್ನೇ ಬಿಟ್ಟು ಮಂಗಳಕ್ಕೋ ಶುಕ್ರಕ್ಕೋ ಹೋಗಿ ಕತ್ತಿ ಹಿರಿಯುತ್ತಿದ್ದ. ಈ ಗ್ರಹಾಂತರ ಸಾಹಸವನ್ನೂ ನಮ್ಮ ಕಾಡಿನ ಕಥೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ. ಒಂದರಲ್ಲಿ ನರಭಕ್ಷಕ ಹುಲಿ, ಇನ್ನೊಂದರಲ್ಲಿ ನಾಲ್ಕು ತೋಳಿನ ಹಸಿರು ಮನುಷ್ಯ. ಮೇಲುನೋಟದ ಈ ವ್ಯತ್ಯಾಸ ಕಳೆದರೆ ಎರಡರ ಕಟ್ಟಡವೂ ಒಂದೇ: ಹೊರಗಿನಿಂದ ಬಂದ ಒಬ್ಬಂಟಿ ವೀರ, ಕೈಯಲ್ಲಿ ಆಯುಧ, ಗೊತ್ತಿಲ್ಲದ ನೆಲ, ಹೆದರಿ ಕುಳಿತ ಜನ, ಕೊನೆಗೆ ಗೆಲುವು. ಈ ಕಟ್ಟಡವನ್ನು ಯಾರು ಯಾರಿಂದ ಪಡೆದರು, ಪಡೆದ ಮೇಲೆ ಏನು ಮಾಡಿದರು ಎಂಬುದು ಈ ಲೇಖನದ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಸಾಲವಿಲ್ಲದೆ ಹುಟ್ಟಿದ ಸಾಹಸಕಥೆ ಇಲ್ಲ. ಸಾಲ ಮಾಡಿದ್ದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು. ತಂದ ಅಸಲಿಗೆ ತನ್ನ ನೆಲದ್ದೇನನ್ನೂ ಕೂಡಿಸದೆ ಹಾಗೆಯೇ ಚಲಾವಣೆಗೆ ಬಿಡುವುದು ಅದಕ್ಕಿಂತ ದೊಡ್ಡ ತಪ್ಪು.

ಬರೋಸ್ ಕಂಡ ಮಂಗಳ

ಗ್ರಹಾಂತರ ಸಾಹಸದ ಮಾತು ಎತ್ತಿದರೆ ಮೊದಲು ಬರುವ ಹೆಸರು ಎಡ್ಗರ್ ರೈಸ್ ಬರೋಸ್. ಹತ್ತಾರು ಕಸುಬು ಹಿಡಿದು ಬಿಟ್ಟಿದ್ದ ಈತ ಪೆನ್ಸಿಲ್ ಶಾರ್ಪನರ್ ಮಾರುವ ಕೆಲಸದಲ್ಲಿದ್ದಾಗ ಬರೆಯಲು ಕೂತವನು. ಮಂಗಳನ ಮೇಲಿನ ಅವನ ಮೊದಲ ಕಥೆ 1912ರ ಫೆಬ್ರವರಿಯಿಂದ ಜುಲೈವರೆಗೆ 'ಆಲ್ ಸ್ಟೋರಿ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಸಿಕ್ಕ ಸಂಭಾವನೆ 400 ಡಾಲರ್. 1917ರಲ್ಲಿ ಅದು 'ಎ ಪ್ರಿನ್ಸೆಸ್ ಆಫ್ ಮಾರ್ಸ್' ಎಂಬ ಪುಸ್ತಕವಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸೈನಿಕ ಜಾನ್ ಕಾರ್ಟರ್ ಅರಿಜೋನಾದ ಒಂದು ಗುಹೆಯಲ್ಲಿ ಮೈ ಮರಗಟ್ಟಿ ಬೀಳುತ್ತಾನೆ. ಎದ್ದು ನಿಂತಾಗ ತನ್ನ ದೇಹ ಕಾಲಬುಡದಲ್ಲೇ ಬಿದ್ದಿರುವುದು ಕಾಣುತ್ತದೆ. ಹೊರಗೆ ಬಂದು ಆಕಾಶದ ಕೆಂಪು ಚುಕ್ಕಿಯ ಕಡೆ ಕೈಚಾಚಿದಾಗ ಮಂಗಳನ ನೆಲ ಮುಟ್ಟುತ್ತಾನೆ. ಅಲ್ಲಿ ಗುರುತ್ವ ಕಡಿಮೆ, ಹಾಗಾಗಿ ಅವನ ಬಲ ಹಲವು ಪಟ್ಟು. ಬತ್ತುತ್ತಿರುವ ಗ್ರಹ, ಒಣಗಿದ ಕಡಲತಳ, ನೀರು ಸಾಗಿಸುವ ಕಾಲುವೆಗಳು, ಪರಸ್ಪರ ಕಾದಾಡುವ ಜನಾಂಗಗಳು, ಒಬ್ಬ ರಾಜಕುಮಾರಿ.

ಇದೆಲ್ಲ ಎಲ್ಲಿಂದ ಬಂತು? ವಿಮರ್ಶಕರು ಹೆಕ್ಕಿ ತೋರಿಸಿರುವ ಸಾಲಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ತಿಳಿವಳಿಕೆಯ ಸಾಲ. 1877ರಲ್ಲಿ ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡು ನಕ್ಷೆ ಬರೆದ. 1894ರಲ್ಲಿ ಅಮೆರಿಕದ ಪರ್ಸಿವಲ್ ಲೊವೆಲ್ ಅರಿಜೋನಾದಲ್ಲಿ ವೀಕ್ಷಣಾಲಯ ಕಟ್ಟಿಸಿ, ಆ ಗೆರೆಗಳೆಲ್ಲ ಸಾಯುತ್ತಿರುವ ಒಂದು ನಾಗರಿಕತೆ ಧ್ರುವದ ನೀರು ತರಲು ತೋಡಿದ ಕಾಲುವೆಗಳು ಎಂದು ವಾದಿಸಿದ. 1895, 1906, 1908ರಲ್ಲಿ ಬಂದ ಅವನ ಮೂರು ಪುಸ್ತಕಗಳನ್ನು ವಿಜ್ಞಾನಿಗಳು ಶಂಕಿಸಿದರು, ಸಾಮಾನ್ಯ ಓದುಗರು ನಂಬಿದರು. ಬರೋಸನ ಮಂಗಳದ ಭೂಗೋಳವೆಲ್ಲ ಲೊವೆಲ್ ಕೊಟ್ಟದ್ದೇ.

ಎರಡನೆಯದು ಚೌಕಟ್ಟಿನ ಸಾಲ. ಎಚ್. ರೈಡರ್ ಹ್ಯಾಗರ್ಡ್ 1885ರ 'ಕಿಂಗ್ ಸಾಲೊಮನ್ಸ್ ಮೈನ್ಸ್' ಮತ್ತು 1887ರ 'ಶಿ' ಕಾದಂಬರಿಗಳಲ್ಲಿ ಆಫ್ರಿಕದ ಒಳಗೆ ಮರೆತುಹೋದ ರಾಜ್ಯಗಳನ್ನು ಕಲ್ಪಿಸಿದ್ದ. ಆಂಟನಿ ಹೋಪ್ 1894ರಲ್ಲಿ ಕತ್ತಿವರಸೆಯ, ಅರಮನೆಯ ಒಳಸಂಚಿನ, ಪರದೇಶಿ ನಾಯಕನ ಪ್ರೇಮದ ಅಚ್ಚು ಹಾಕಿಕೊಟ್ಟಿದ್ದ. ಭೂಮಿಯ ನಕ್ಷೆಯಲ್ಲಿ ಬಿಳಿ ಜಾಗಗಳು ತುಂಬುತ್ತ ಬಂದಂತೆ ಇಂಥ ರಾಜ್ಯಗಳಿಗೆ ಇಲ್ಲಿ ಸ್ಥಳ ಉಳಿಯಲಿಲ್ಲ. ಬರೋಸ್ ಅವನ್ನು ಎತ್ತಿ ಮಂಗಳನ ಮೇಲಿಟ್ಟ. ಪರ್ಸಿ ಗ್ರೆಗ್ 1880ರಲ್ಲೇ ಮಂಗಳಯಾತ್ರೆಯ ಕಾದಂಬರಿ ಬರೆದಿದ್ದರಿಂದ ದಾರಿಯೂ ಹೊಸದೇನಲ್ಲ.

ಮೂರನೆಯದು ಸನ್ನಿವೇಶದ ಸಾಲ. ಹೆಚ್ಚು ಚರ್ಚೆಯಾದದ್ದು ಇದೇ, ನಮಗೆ ಹತ್ತಿರದ್ದೂ ಇದೇ. 1905ರಲ್ಲಿ ಇಂಗ್ಲೆಂಡಿನಲ್ಲಿ ಎಡ್ವಿನ್ ಲೆಸ್ಟರ್ ಆರ್ನಲ್ಡ್ ಎಂಬಾತನ ಒಂದು ಕಾದಂಬರಿ ಬಂತು. ಅಮೆರಿಕದ ನೌಕಾಪಡೆಯ ಲೆಫ್ಟಿನೆಂಟ್ ಗಲಿವರ್ ಜೋನ್ಸ್ ಒಂದು ಮಾಯಾಗಂಬಳಿಯ ಮೇಲೆ ಮಂಗಳಕ್ಕೆ ಹೋಗುತ್ತಾನೆ. ಅಲ್ಲಿಯ ಸುಕುಮಾರ ಜನರ ರಾಜಕುಮಾರಿಯನ್ನು ಕಾಡುಜನರ ದೊರೆ ಕಪ್ಪವಾಗಿ ಒಯ್ಯುತ್ತಾನೆ, ಜೋನ್ಸ್ ಬೆನ್ನುಹತ್ತುತ್ತಾನೆ. ದಾರಿಯಲ್ಲಿ ಸತ್ತವರನ್ನು ತೇಲಿಬಿಡುವ ಒಂದು ನದಿ ಬರುತ್ತದೆ. ಬರೋಸನ ಮಂಗಳದಲ್ಲೂ ಬಾಳು ಮುಗಿಸಿದವರು ಕಡೆಯ ಯಾತ್ರೆ ಹೊರಡುವ ಇಸ್ ಎಂಬ ನದಿ ಇದೆ. ಅಮೆರಿಕದ ಯೋಧ, ಯಂತ್ರವಿಲ್ಲದ ಪಯಣ, ಅಪಹೃತ ರಾಜಕುಮಾರಿ, ಸಾವಿನ ನದಿ: ಹೋಲಿಕೆಗಳು ಕಣ್ಣಿಗೆ ಹೊಡೆಯುತ್ತವೆ. ಬರೋಸ್ ಇದನ್ನು ಓದಿಯೇ ಬರೆದ ಎಂದು ರಿಚರ್ಡ್ ಲುಪಾಫ್ 1965ರಲ್ಲಿ ಬರೋಸನ ಬಗ್ಗೆ ಬರೆದ ಪುಸ್ತಕದಲ್ಲಿ ವಾದಿಸಿದ. ಆದರೆ ಆರ್ನಲ್ಡನ ಕಾದಂಬರಿ ಇಂಗ್ಲೆಂಡಿನಲ್ಲೇ ಯಾರ ಗಮನಕ್ಕೂ ಬೀಳದೆ ಹೋಗಿತ್ತು, ಅಮೆರಿಕದಲ್ಲಿ ಅಚ್ಚಾದದ್ದು 1964ರಲ್ಲಿ. ಬರೋಸ್ ಓದಿದ್ದನೆಂಬುದಕ್ಕೆ ನೇರ ಸಾಕ್ಷಿಯಿಲ್ಲ. ಒಂದೇ ಗಾಳಿಯನ್ನು ಉಸಿರಾಡುತ್ತಿದ್ದ ಇಬ್ಬರಿಗೆ ಒಂದೇ ಬಗೆಯ ಕನಸು ಬಿದ್ದಿರಲೂಬಹುದು.

ಈ ಆರ್ನಲ್ಡ್ ಯಾರು ಎಂದು ಕೇಳಿದರೆ ದಾರಿ ನಮ್ಮ ಕಡೆಗೇ ತಿರುಗುತ್ತದೆ. ತಂದೆ ಎಡ್ವಿನ್ ಆರ್ನಲ್ಡ್ ಪುಣೆಯಲ್ಲಿ ಪ್ರಾಂಶುಪಾಲನಾಗಿದ್ದವನು. ಬುದ್ಧನ ಬಾಳನ್ನು 'ಲೈಟ್ ಆಫ್ ಏಷ್ಯಾ' ಎಂಬ ಕಾವ್ಯವಾಗಿಸಿದವನು, ಭಗವದ್ಗೀತೆಯನ್ನು ಇಂಗ್ಲಿಷಿಗೆ ತಂದವನು. ಬಾಲ್ಯದಲ್ಲಿ ಭಾರತ ಕಂಡ ಮಗ ದೊಡ್ಡವನಾಗಿ ದಕ್ಷಿಣ ಭಾರತದ ಬೆಟ್ಟಸೀಮೆಗೆ ಕಾಫಿ ಬೆಳೆಸಲು ಬಂದ, ಆ ಅನುಭವವನ್ನು 1881ರಲ್ಲಿ ಎರಡು ಸಂಪುಟವಾಗಿ ಬರೆದ. 1890ರಲ್ಲಿ ಬಂದ ಅವನ 'ಫ್ರಾ ದಿ ಫಿನಿಶಿಯನ್' ಕಾದಂಬರಿಯ ನಾಯಕ ಸತ್ತಂತಾಗಿ ನಿದ್ರಿಸಿ ಶತಮಾನಗಳ ಆಚೆ ಮತ್ತೆ ಮತ್ತೆ ಎಚ್ಚರಗೊಳ್ಳುತ್ತಾನೆ. ತನ್ನ ಬಾಲ್ಯವೇ ನೆನಪಿಲ್ಲದ, ವಯಸ್ಸಾಗದ ಜಾನ್ ಕಾರ್ಟರನ ಹಿಂದೆ ಈ ಫ್ರಾನ ನೆರಳಿದೆ ಎನ್ನುತ್ತಾರೆ. ಜನ್ಮಾಂತರದ ಕಲ್ಪನೆ ಆರ್ನಲ್ಡರ ಮನೆಗೆ ಎಲ್ಲಿಂದ ಹೋಯಿತು ಎಂದು ಊಹಿಸಲು ಭಾರತದ ಓದುಗನಿಗೆ ಕಷ್ಟವಿಲ್ಲ.

ಪಂಪ ಹೇಳಿದ ಲೋಕಾಂತರ

ಕನ್ನಡದ ಓದುಗನಿಗೆ ಜಾನ್ ಕಾರ್ಟರನ ಪಯಣ ತೀರ ಹೊಸದೆನಿಸದಿದ್ದರೆ ಅದಕ್ಕೆ ಕಾರಣ ಹತ್ತನೆಯ ಶತಮಾನದಲ್ಲಿದೆ. ಪಂಪನ 'ಆದಿಪುರಾಣ'ದ ಮೊದಲ ಭಾಗದಲ್ಲಿ ಮಹಾಬಲನೆಂಬ ವಿದ್ಯಾಧರ ದೊರೆ ಬರುತ್ತಾನೆ. ವಿದ್ಯಾಧರರು ಆಕಾಶದಲ್ಲಿ ಸಂಚರಿಸುವವರು, ಅವರ ನಗರಗಳಿರುವುದು ವಿಜಯಾರ್ಧ ಪರ್ವತದ ಮೇಲೆ. ಮಹಾಬಲ ಸತ್ತು ಲಲಿತಾಂಗನೆಂಬ ದೇವನಾಗಿ ಸ್ವರ್ಗದಲ್ಲಿ ಹುಟ್ಟುತ್ತಾನೆ, ಸ್ವಯಂಪ್ರಭೆಯನ್ನು ಪ್ರೀತಿಸುತ್ತಾನೆ. ಆಯುಷ್ಯ ಮುಗಿಯುವ ಹೊತ್ತಿಗೆ ಕೊರಳ ಮಾಲೆ ಬಾಡುತ್ತದೆ. ಮತ್ತೆ ಭೂಮಿಯಲ್ಲಿ ಅವನು ವಜ್ರಜಂಘ, ಅವಳು ಶ್ರೀಮತಿ. ಆಕಾಶದಲ್ಲಿ ಹೋಗುತ್ತಿದ್ದ ದೇವತೆಗಳನ್ನು ಕಂಡು ಶ್ರೀಮತಿಗೆ ಹಿಂದಿನ ಜನ್ಮದ ನೆನಪು ಮರುಕಳಿಸುತ್ತದೆ. ತಮ್ಮ ಹಿಂದಿನ ಬಾಳಿನ ಚಿತ್ರ ಬರೆದು ಕಳಿಸುತ್ತಾಳೆ, ಅದನ್ನು ನೋಡಿದ ವಜ್ರಜಂಘ ಗುರುತು ಹಿಡಿಯುತ್ತಾನೆ.

ಲೋಕದಿಂದ ಲೋಕಕ್ಕೆ ಹೋದ ಒಂದು ಜೀವ, ಅಲ್ಲಿಯ ಪ್ರೇಮ, ಅದನ್ನು ಕಳೆದುಕೊಂಡು ಮರಳುವ ನೋವು. ಬರೋಸನ ಕಥೆಯ ಕೊನೆಯಲ್ಲಿ ಜಾನ್ ಕಾರ್ಟರ್ ಅರಿಜೋನಾದಲ್ಲಿ ಎಚ್ಚರಗೊಂಡು ಮಂಗಳನಲ್ಲಿ ಉಳಿದ ಹೆಂಡತಿಗಾಗಿ ಹಂಬಲಿಸುವುದಕ್ಕೂ ಇದಕ್ಕೂ ಭಾವದಲ್ಲಿ ದೂರವಿಲ್ಲ. ಬರೋಸ್ ಪಂಪನನ್ನು ಓದಿದ್ದನೆಂದು ಯಾರೂ ಹೇಳಲಾರರು, ನಾನೂ ಹೇಳುತ್ತಿಲ್ಲ. ಲೋಕಾಂತರದ ಸಾಹಸ ಅಮೆರಿಕದ ಪತ್ರಿಕೆಗಳ ಸ್ವತ್ತಲ್ಲ, ನಮ್ಮಲ್ಲಿ ಅದಕ್ಕೆ ಸಾವಿರ ವರ್ಷಗಳ ಹಿಂದಿನ ಕಾವ್ಯರೂಪವಿದೆ ಎಂಬಷ್ಟೇ ನನ್ನ ಮಾತು. ಆ ಎರಡಕ್ಕೂ ಇರುವ ಮುಖ್ಯ ಅಂತರವನ್ನೂ ಹೇಳಬೇಕು. ಕಾರ್ಟರ್ ಹೋದಲ್ಲೆಲ್ಲ ಗೆಲ್ಲುತ್ತಾನೆ, ಗೆದ್ದದ್ದು ಅವನದಾಗುತ್ತದೆ. ಲಲಿತಾಂಗ ಪಡೆದದ್ದೆಲ್ಲ ಕೈಜಾರುತ್ತದೆ, ಆ ಜಾರುವಿಕೆಯಿಂದಲೇ ಅರಿವು ಮೂಡಬೇಕು. ಅಲ್ಲಿ ಲೋಕಗಳು ಗೆಲ್ಲಬೇಕಾದ ಸೀಮೆಗಳು. ಇಲ್ಲಿ ದಾಟಬೇಕಾದ ಮೆಟ್ಟಿಲುಗಳು.

ಸಾಲದ ವಿಚಾರದಲ್ಲೂ ಪಂಪ ನಮಗೆ ಅಳತೆಗೋಲು. 'ಆದಿಪುರಾಣ'ದ ಹಿಂದೆ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಪುರಾಣವಿದೆ. 'ವಿಕ್ರಮಾರ್ಜುನ ವಿಜಯ'ದ ಆರಂಭದಲ್ಲೇ ಪಂಪ ವ್ಯಾಸನ ಹಿರಿಮೆಯನ್ನು ನೆನೆದು, ತನಗೆ ಗರ್ವವಿಲ್ಲವೆಂದು ಹೇಳಿಯೇ ಮುಂದುವರಿಯುತ್ತಾನೆ. 'ಪಂಚತಂತ್ರ' ಬರೆದ ದುರ್ಗಸಿಂಹ ತಾನು ವಸುಭಾಗಭಟ್ಟನ ಕೃತಿಯನ್ನು ಅನುಸರಿಸಿದ್ದನ್ನು ಮುಚ್ಚಿಡುವುದಿಲ್ಲ. ಪೂರ್ವಕವಿಗಳನ್ನು ಸ್ಮರಿಸಿಯೇ ಕಾವ್ಯಕ್ಕೆ ಕೈಹಾಕುವುದು ಹಳಗನ್ನಡದ ರೂಢಿ. ಹೀಗೆ ನೆನೆದದ್ದರಿಂದ ಪಂಪ ಚಿಕ್ಕವನಾಗಲಿಲ್ಲ. ಯಾವುದನ್ನು ಪಡೆದ, ಯಾವುದನ್ನು ತಾನು ಸೇರಿಸಿದ ಎಂದು ತೂಗಿ ನೋಡಲು ಓದುಗನಿಗೆ ದಾರಿಯಾಯಿತು.

ಅಗ್ಗದ ಪುಸ್ತಕಗಳ ಕಾಲ

ಆಧುನಿಕ ಕನ್ನಡದ ಜನಪ್ರಿಯ ಕಥೆಗೆ ಬಂದಾಗ ಈ ರೂಢಿ ಎರಡು ಹಾದಿ ಹಿಡಿಯಿತು. ಗಂಭೀರ ಸಾಹಿತ್ಯ ಸಾಲವನ್ನು ಹೇಳಿಕೊಂಡೇ ಬೆಳೆಯಿತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಹೆಸರು ಹೇಳಿಯೇ ಕನ್ನಡಿಗರಿಗೆ ಕಾದಂಬರಿ ಓದಿಸಿದರು. ಬಿ.ಎಂ.ಶ್ರೀಯವರು ಸಂಕಲನದ ಹೆಸರಿನಲ್ಲೇ ತಮ್ಮ ಗೀತೆಗಳು ಎಲ್ಲಿಂದ ಬಂದವೆಂದು ಸಾರಿದರು. ಶಿವಮೊಗ್ಗ ಜಿಲ್ಲೆಯ ಮಗ ಕುವೆಂಪು ಬ್ರೌನಿಂಗನ ಕೊಳಲುಗಾರನನ್ನು ಬೊಮ್ಮನಹಳ್ಳಿಯ ಕಿಂದರಿಜೋಗಿಯಾಗಿಸಿದಾಗ ಜರ್ಮನಿಯ ಹ್ಯಾಮೆಲಿನ್ ಊರು ತುಂಗಾ ತೀರದ ಊರಾಯಿತು. ಮೂಲ ಯಾರದೆಂದು ಎಲ್ಲರಿಗೂ ಗೊತ್ತು, ಆದರೂ ಅದು ಕನ್ನಡದ ಮಕ್ಕಳದೇ ಪದ್ಯ. ಸಾಲ ತೀರಿಸುವುದೆಂದರೆ ಹೀಗೆ.

ಪತ್ತೇದಾರಿ ಕಾದಂಬರಿಗಳ ಹಾದಿ ಬೇರೆಯಾಯಿತು. 1950ರ ದಶಕದಿಂದ ಮೂರು ದಶಕ ಕನ್ನಡನಾಡಿನ ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಬಾಡಿಗೆ ಪುಸ್ತಕಾಲಯಗಳಲ್ಲಿ ಕೈಯಿಂದ ಕೈಗೆ ಓಡಾಡಿದ ಸಣ್ಣ ಪುಸ್ತಕಗಳವು. ಆಯನೂರು, ಕುಂಸಿಯಂಥ ಊರುಗಳಿಗೆ ದೊಡ್ಡ ಗ್ರಂಥಾಲಯಕ್ಕಿಂತ ಮೊದಲು ತಲುಪಿದ್ದು ಇಂಥ ಪುಸ್ತಕಗಳೇ. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡ ಎನ್. ನರಸಿಂಹಯ್ಯ ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಕನ್ನಡ ಬಾವುಟದ ರೂವಾರಿ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಸಾವಿರಾರು ಜನರಿಗೆ ಓದುವ ಚಟ ಹತ್ತಿಸಿದ ಇವರ ಋಣ ದೊಡ್ಡದು. ಚೌಕಟ್ಟು ಮಾತ್ರ ಷರ್ಲಾಕ್ ಹೋಮ್ಸನ ಮನೆತನದ್ದು, ಅದನ್ನು ಮುಖಪುಟವಾಗಲಿ ಮುನ್ನುಡಿಯಾಗಲಿ ಹೇಳುವ ಪದ್ಧತಿ ಬೆಳೆಯಲಿಲ್ಲ. ಸಿನಿಮಾದಲ್ಲೂ ಹಾಗೆಯೇ: 1968ರ 'ಜೇಡರ ಬಲೆ'ಯಿಂದ ಶುರುವಾದ ರಾಜ್‌ಕುಮಾರ್ ಅವರ ಸಿಐಡಿ 999 ಇಯಾನ್ ಫ್ಲೆಮಿಂಗನ ಬಾಂಡನ ತಮ್ಮ ಎಂಬುದು ಅಂಕೆಯಿಂದಲೇ ಗೊತ್ತಾಗುತ್ತದೆ.

ಗ್ರಹಾಂತರ ಸಾಹಸ ಕನ್ನಡದ ಮಕ್ಕಳ ಕೈಗೆ ಬಂದದ್ದು ಹೆಚ್ಚಾಗಿ ಚಿತ್ರಕಥೆಯ ರೂಪದಲ್ಲಿ. ಬರೋಸನ ಮಂಗಳಕಥೆಯ ಹಕ್ಕು ಕೈಗೂಡದೆ ಹೋದಾಗ ಕಿಂಗ್ ಫೀಚರ್ಸ್ ಸಂಸ್ಥೆ ಅಲೆಕ್ಸ್ ರೇಮಂಡನಿಂದ 1934ರಲ್ಲಿ 'ಫ್ಲ್ಯಾಶ್ ಗಾರ್ಡನ್' ಬರೆಸಿತು. ಭೂಮಿಗೆ ಅಪ್ಪಳಿಸಲು ಬರುವ ಗ್ರಹದ ಕಲ್ಪನೆಯನ್ನು ಅದು 1933ರ ಇನ್ನೊಂದು ಕಾದಂಬರಿಯಿಂದ ಪಡೆದಿತ್ತು. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್, ಮ್ಯಾಂಡ್ರೇಕರ ಜೊತೆ ಫ್ಲ್ಯಾಶ್ ಗಾರ್ಡನನನ್ನೂ ಭಾರತದ ಭಾಷೆಗಳಿಗೆ ತಂದಿತು, ಕನ್ನಡದಲ್ಲೂ ಅದು ಅಚ್ಚಾಗುತ್ತಿತ್ತು. ಮುಂದೆ ಫ್ಲ್ಯಾಶ್ ಗಾರ್ಡನ್ ಸಿನಿಮಾದ ಹಕ್ಕು ಸಿಗದೆ ಜಾರ್ಜ್ ಲೂಕಾಸ್ 1977ರಲ್ಲಿ 'ಸ್ಟಾರ್ ವಾರ್ಸ್' ಮಾಡಿದ. ಲೊವೆಲನಿಂದ ಬರೋಸ್, ಬರೋಸನಿಂದ ರೇಮಂಡ್, ರೇಮಂಡನಿಂದ ಲೂಕಾಸ್. ಹಕ್ಕು ಸಿಗದಾಗಲೆಲ್ಲ ಹೊಸ ಹೆಸರಿನಲ್ಲಿ ಹಳೆಯ ಕಥೆ ಮತ್ತೆ ಹುಟ್ಟಿದ್ದು ಈ ಪ್ರಕಾರದ ಇತಿಹಾಸದುದ್ದಕ್ಕೂ ಕಾಣುತ್ತದೆ. ಹಾಗೆ ಹುಟ್ಟಿದ್ದರಲ್ಲಿ ಉಳಿದದ್ದು, ಹಳೆಯದಕ್ಕೆ ಏನನ್ನಾದರೂ ಕೂಡಿಸಿದ್ದು ಮಾತ್ರ.

ಕನ್ನಡದ ಮಂಗಳ ಏಕೆ ಬಡವಾಯಿತು

ಕನ್ನಡದಲ್ಲಿ ಗ್ರಹ, ಅನ್ಯಲೋಕ, ಹಾರುವ ತಟ್ಟೆಗಳನ್ನು ಹಠ ಹಿಡಿದು ಕಾದಂಬರಿಗೆ ತಂದವರು ರಾಜಶೇಖರ ಭೂಸನೂರಮಠ. 'ಆಪರೇಷನ್ ಯುಎಫ್ಓ'ದಂಥ ಕೃತಿಗಳಿಂದ ವೈಜ್ಞಾನಿಕ ಕಾದಂಬರಿಗೆ ಕನ್ನಡದಲ್ಲಿ ಒಂದು ಓದುಗವರ್ಗವನ್ನು ಅವರು ಕಟ್ಟಿದರು. ವಿಮರ್ಶೆ ಅವರನ್ನು ಕಣ್ಣೆತ್ತಿ ನೋಡಿದ್ದು ತೀರ ಕಡಿಮೆ. 'ಮನು' ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ ಅವರ 'ಮಹಾಸಂಪರ್ಕ' ಇನ್ನೊಂದು ಬಗೆಯ ಪ್ರಯತ್ನ. ಮಹಾಭಾರತದ ಹಿಂದೆ ಅನ್ಯಲೋಕದವರ ಸಂಪರ್ಕವನ್ನು ಕಾಣುವ ಈ ಕಾದಂಬರಿಯ ಮೂಲಕಲ್ಪನೆಯನ್ನು ಜಗತ್ತಿಗೆಲ್ಲ ಹರಡಿದ್ದು 1968ರಲ್ಲಿ ಬಂದ ಎರಿಕ್ ಫಾನ್ ಡಾನಿಕೆನನ ಪುಸ್ತಕ. ಡಾನಿಕೆನನ ವಾದವನ್ನು ವಿಜ್ಞಾನ ಒಪ್ಪಿಲ್ಲ, ಒಪ್ಪುವ ಹಾಗೂ ಇಲ್ಲ. ಲೊವೆಲನ ಕಾಲುವೆಗಳಂತೆ ಸುಳ್ಳು ಸಿದ್ಧಾಂತವೂ ಕಥೆಗೆ ಒಳ್ಳೆಯ ನೆಲವಾಗಬಲ್ಲದು ಎಂಬುದಕ್ಕೆ ಮಾತ್ರ ಈ ಕಾದಂಬರಿಗೆ ಸಿಕ್ಕ ಓದುಗರೇ ಸಾಕ್ಷಿ. ಇಲ್ಲಿ ವ್ಯಾಸಭಾರತವೆಂಬ ನಮ್ಮದೇ ದೊಡ್ಡ ಬಂಡವಾಳ ಹೂಡಿಕೆಯಾಗಿದೆ.

ಇಷ್ಟಾದರೂ ಕನ್ನಡದ ಗ್ರಹಾಂತರ ಸಾಹಸ ಕೈಬೆರಳೆಣಿಕೆಯಲ್ಲೇ ನಿಂತಿತು. ವಿಜ್ಞಾನದ ಬರವಣಿಗೆ ಇರಲಿಲ್ಲವೆಂದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಸಂಗಡಿಗರೊಡನೆ 1918ರಲ್ಲೇ 'ವಿಜ್ಞಾನ' ಪತ್ರಿಕೆ ಹೊರಡಿಸಿದ್ದರು. ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗೆ 'ಬಾಲಪ್ರಪಂಚ'ವನ್ನೂ ದೊಡ್ಡವರಿಗೆ 'ವಿಜ್ಞಾನ ಪ್ರಪಂಚ'ವನ್ನೂ ಕಟ್ಟಿಕೊಟ್ಟರು. ಆದರೆ ಅಮೆರಿಕದಲ್ಲಿ ಲೊವೆಲನ ಪುಸ್ತಕದಿಂದ ಬರೋಸನ ಕಥೆಗೆ ಆದ ಜಿಗಿತ ಇಲ್ಲಿ ಆಗಲಿಲ್ಲ. ನಮ್ಮ ಹೆಚ್ಚಿನವರಿಗೆ ಮಂಗಳ ಜಾತಕದಲ್ಲಿ ಕುಳಿತು ಮದುವೆ ತಪ್ಪಿಸುವ ಕುಜನಾಗಿಯೇ ಉಳಿದ. ಕಾಲಿಟ್ಟು ನಡೆಯಬಹುದಾದ ನೆಲವೆಂದು ಅದನ್ನು ಕಲ್ಪಿಸಿಕೊಳ್ಳಲು ಬೇಕಾದ ಸಲಿಗೆ ಹುಟ್ಟಲಿಲ್ಲ. 1965ರ ಜುಲೈನಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕಾಲುವೆಯೂ ಇರಲಿಲ್ಲ, ನಗರವೂ ಇರಲಿಲ್ಲ, ಬರಿಯ ಕುಳಿಗಳು. ಲೊವೆಲನ ಮಂಗಳ ಅಂದು ಮುಗಿಯಿತು. ಕನ್ನಡದ ವೈಜ್ಞಾನಿಕ ಕಾದಂಬರಿ ಕಾಲೂರುವ ಹೊತ್ತಿಗೆ ಮೂಲಧನವೇ ದಿವಾಳಿಯಾಗಿತ್ತು.

ಚೋರಡಿಯ ಹುಲಿ, ಮೂಡಿಗೆರೆಯ ಓತಿ

ಗ್ರಹದಲ್ಲಿ ಕೈಗೂಡದ್ದು ಕಾಡಿನಲ್ಲಿ ಕೈಗೂಡಿತು. ಕನ್ನಡದ ಸಾಹಸಕಥೆಯ ನಿಜವಾದ ಸಾಧನೆಯನ್ನು ಹುಡುಕಿದರೆ ನಾವು ಮತ್ತೆ ಆಯನೂರಿನ ಹೆದ್ದಾರಿಗೇ ಬಂದು ನಿಲ್ಲುತ್ತೇವೆ.

ಆಂಡರ್ಸನನ ಮೇಲೂ ಸಾಲವಿದೆ. ಜಿಮ್ ಕಾರ್ಬೆಟ್ 1944ರಲ್ಲಿ ಕುಮಾವೂನಿನ ನರಭಕ್ಷಕಗಳ ಕಥೆ ಹೇಳಿ ಆ ಬಗೆಯ ಬರಹಕ್ಕೆ ಅಚ್ಚು ಹಾಕಿಕೊಟ್ಟ: ಹಳ್ಳಿಯಲ್ಲಿ ಸಾವು, ಜನರ ಮೊರೆ, ಹೆಜ್ಜೆಗುರುತು, ಮಚಾನಿನ ಮೇಲೆ ಒಂಟಿ ರಾತ್ರಿ, ಒಂದು ಗುಂಡು. ಹತ್ತು ವರ್ಷದ ನಂತರ ಆಂಡರ್ಸನ್ ಅದೇ ಅಚ್ಚಿನಲ್ಲಿ ದಕ್ಷಿಣದ ಕಾಡನ್ನು ಎರೆದ. ಕಾರ್ಬೆಟ್ಟನಿಗಿಂತ ಅವನು ಮಾತುಗಾರ. ಭೂತಪ್ರೇತಗಳ ಮೇಲೂ ಮಂತ್ರತಂತ್ರಗಳ ಮೇಲೂ ಅವನಿಗೆ ಮೋಹ. ಅವನ ಕಥೆಗಳಲ್ಲಿ ನಡೆದದ್ದೆಷ್ಟು, ಬಣ್ಣ ಕಟ್ಟಿದ್ದೆಷ್ಟು ಎಂದು ಓದುಗರು ಅನುಮಾನಿಸಿದ್ದೂ ಉಂಟು. ಆದರೂ ಚೋರಡಿ, ತ್ಯಾಗರ್ತಿ, ಶಿಕಾರಿಪುರದ ಕಡೆಯ ಅಂಬ್ಲಿಗೊಳ ಎಂಬ ಹೆಸರುಗಳನ್ನು ಅವನು ಹೇಳುವಾಗ ರಸ್ತೆ, ಹಳ್ಳ, ಬಂಗಲೆ, ಮರ ಎಲ್ಲ ಅವುಗಳ ಜಾಗದಲ್ಲೇ ಇರುತ್ತವೆ. ಬರೋಸ್ ಅರಿಯದ ಗ್ರಹವನ್ನು ಬರೆದ, ಆಂಡರ್ಸನ್ ತಾನು ನಡೆದ ನೆಲವನ್ನು ಬರೆದ. ಹಳ್ಳಿಗರು ಹೆದರುವವರು, ಬಂದೂಕು ಹಿಡಿದ ದೊರೆ ಕಾಯುವವನು ಎಂಬ ವಸಾಹತಿನ ಚೌಕಟ್ಟು ಮಾತ್ರ ಇಬ್ಬರಲ್ಲೂ ಒಂದೇ.

ಇದೇ ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿ ಮೂಡಿಗೆರೆಯಲ್ಲಿ ತೋಟ ಮಾಡಿದ ಪೂರ್ಣಚಂದ್ರ ತೇಜಸ್ವಿ ಆಂಡರ್ಸನನ ಹೆಸರು ಹೇಳಿಯೇ ಅವನನ್ನು 'ಕಾಡಿನ ಕತೆಗಳು' ಎಂಬ ನಾಲ್ಕು ಪುಸ್ತಕಗಳಲ್ಲಿ ಕನ್ನಡಿಸಿದರು. ಕಾರ್ಬೆಟ್ಟನ ರುದ್ರಪ್ರಯಾಗದ ಚಿರತೆಯನ್ನೂ ತಂದರು. ಪದಕ್ಕೆ ಪದ ಇಡದೆ, ಕಾಡಿನ ನಂಟಿರುವ ಕನ್ನಡಿಗನೊಬ್ಬ ಎದುರು ಕೂತು ಹೇಳಿದಂತೆ ಅವು ಬಂದಿವೆ. ಮಲೆನಾಡಿನ ಎಷ್ಟೋ ಮಕ್ಕಳು ತಮ್ಮ ಊರ ಪಕ್ಕದ ಕಾಡಿನ ಸಾಹಸವನ್ನು ಮೊದಲು ಓದಿದ್ದು ಈ ಪುಸ್ತಕಗಳಲ್ಲಿ. ಇಂಗ್ಲಿಷಿಗೆ ಹೋಗಿದ್ದ ಕಾಡು ಹೀಗೆ ಮನೆಗೆ ಮರಳಿತು.

ತೇಜಸ್ವಿಯವರ ದೊಡ್ಡ ಕೊಡುಗೆ ಇನ್ನೊಂದು. ಅದನ್ನು ಕಾಣಲು 1912ಕ್ಕೆ ಮತ್ತೆ ಹೋಗಬೇಕು. ಬರೋಸನ ಮಂಗಳ ಅಚ್ಚಾಗುತ್ತಿದ್ದ ವರ್ಷವೇ ಲಂಡನ್ನಿನ 'ಸ್ಟ್ರಾಂಡ್' ಪತ್ರಿಕೆಯಲ್ಲಿ ಕಾನನ್ ಡಾಯಲನ 'ದಿ ಲಾಸ್ಟ್ ವರ್ಲ್ಡ್' ಬಂತು. ವಿಲಕ್ಷಣ ಸ್ವಭಾವದ ಪ್ರೊಫೆಸರ್ ಚಾಲೆಂಜರ್, ಕಥೆ ಹೇಳುವ ಪತ್ರಕರ್ತ, ಒಬ್ಬ ಬೇಟೆಗಾರ, ಒಬ್ಬ ಶಂಕಿಸುವ ವಿದ್ವಾಂಸ ಸೇರಿ ದಕ್ಷಿಣ ಅಮೆರಿಕದ ಎತ್ತರದ ಬಯಲೊಂದರಲ್ಲಿ ಅಳಿದುಹೋದವೆಂದು ತಿಳಿದಿದ್ದ ಜೀವಿಗಳನ್ನು ಹುಡುಕುತ್ತಾರೆ. ಈಗ 1980ರ 'ಕರ್ವಾಲೊ' ನೋಡಿ. ಇಲ್ಲೂ ಒಬ್ಬ ವಿಜ್ಞಾನಿ, ಕಥೆ ಹೇಳುವ ಒಬ್ಬ, ಜೊತೆಗೊಂದು ತಂಡ, ಕಾಡಿನೊಳಗೆ ಯಾತ್ರೆ, ಕೋಟ್ಯಂತರ ವರ್ಷಗಳ ಆಚೆಯಿಂದ ಉಳಿದು ಬಂದ ಒಂದು ಜೀವಿ. ತೇಜಸ್ವಿ ಡಾಯಲನಿಂದ ತೆಗೆದುಕೊಂಡರು ಎಂದು ನಾನು ಹೇಳುವುದಿಲ್ಲ. ಚೌಕಟ್ಟು ಜಗತ್ತಿನ ಸಾಹಸಕಥೆಯ ಸಾರ್ವಜನಿಕ ಆಸ್ತಿ. ಅದರೊಳಗೆ ಅವರು ಮಾಡಿದ ಬದಲಾವಣೆಯನ್ನು ಮಾತ್ರ ಒಂದೊಂದಾಗಿ ನೋಡಬೇಕು.

ಡಾಯಲನಲ್ಲಿ ಅರಿವೆಲ್ಲ ಪ್ರೊಫೆಸರನದು. ಸ್ಥಳೀಯರು ಹೊರೆ ಹೊರುವವರು. 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಕಂಡವನು ಮಂದಣ್ಣ, ಜೇನು ಸಾಕುವ, ಊರ ಕಣ್ಣಿಗೆ ಪ್ರಯೋಜನಕ್ಕೆ ಬಾರದ ಹುಡುಗ. ಅವನ ಕಣ್ಣಿಗೆ ಬೆಲೆ ಕೊಡುವುದೇ ವಿಜ್ಞಾನಿಯ ದೊಡ್ಡತನ. ಡಾಯಲನಲ್ಲಿ ತಂಡ ಹಾರುವ ಪ್ರಾಣಿಯೊಂದನ್ನು ಲಂಡನ್ನಿನ ಸಭೆಗೆ ತಂದು ತೋರಿಸುತ್ತದೆ, ಕಾಡಿನಿಂದ ವಜ್ರಗಳೂ ಬರುತ್ತವೆ. 'ಕರ್ವಾಲೊ'ದ ತಂಡ ಏನನ್ನೂ ತರುವುದಿಲ್ಲ. ಕೈಗೆ ಸಿಕ್ಕೇಬಿಟ್ಟಿತು ಎನ್ನುವಾಗ ಓತಿ ಕಡಿದಾದ ಕಣಿವೆಯ ಮೇಲೆ ತೇಲಿ ಹೋಗುತ್ತದೆ. ಡಾಯಲನಲ್ಲಿ ಅದ್ಭುತವಿರುವುದು ಯಾರೂ ಹೋಗದ ದೂರದಲ್ಲಿ. ಹಾರುವ ಓತಿ ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಜೀವಿ. ಅನ್ಯಲೋಕ ಹುಡುಕಲು ಮಂಗಳಕ್ಕೆ ಹೋಗಬೇಕಿಲ್ಲ, ತೋಟದ ಮರವನ್ನು ಸರಿಯಾಗಿ ನೋಡಿದರೆ ಸಾಕು ಎಂದು ಒಂದು ಇಡೀ ಪ್ರಕಾರವನ್ನೇ ತಿರುಗಿಸಿಟ್ಟ ಕಾದಂಬರಿಯಿದು. ಪಂಪನ ಲಲಿತಾಂಗನಂತೆ ಇಲ್ಲೂ ಸಿಗದೆ ಹೋದದ್ದರಿಂದಲೇ ಅರಿವು ಹುಟ್ಟುತ್ತದೆ. ಗೆಲ್ಲುವ ವೀರನ ಕಥೆಯನ್ನು ಪಡೆದು ಬೆರಗಾಗುವ ಮನುಷ್ಯನ ಕಥೆಯಾಗಿ ಮರಳಿಸಿದ್ದು ಕನ್ನಡ ಈ ಪ್ರಕಾರಕ್ಕೆ ತೆತ್ತ ಬಡ್ಡಿ.

ಕಾಡಿನ ಲೆಕ್ಕ, ಕಾಗದದ ಲೆಕ್ಕ

ಇನ್ನೊಂದು ಸಾಲವನ್ನು ಹೇಳದೆ ಈ ಸಮೀಕ್ಷೆ ಮುಗಿಯದು. ಸಾಹಸಕಥೆ ಕಾಡನ್ನು ಕಥೆಯಾಗಿಯೂ ತೆಗೆದುಕೊಂಡಿದೆ, ಕಾಗದವಾಗಿಯೂ ತೆಗೆದುಕೊಂಡಿದೆ. ಬರೋಸನ ಕಥೆ ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಮರದ ತಿರುಳಿನಿಂದ ಮಾಡಿದ ಒರಟು ಕಾಗದ ಅಗ್ಗವಾಗಿದ್ದರಿಂದ. ನಮ್ಮಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು, 1980ರ ದಶಕದಲ್ಲಿ ಪತ್ರಿಕಾ ಕಾಗದವನ್ನೂ ತಯಾರಿಸತೊಡಗಿತು. ಅದಕ್ಕೆ ಬೇಕಾದ ನೀಲಗಿರಿ, ಅಕೇಶಿಯಾ ನೆಡುತೋಪುಗಳಿಗೆ ಜಿಲ್ಲೆಯ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ ಹೋಯಿತು. ಅದಕ್ಕೂ ಮೊದಲು, 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಇದ್ದಿಲು ಕೊಟ್ಟದ್ದು ಇದೇ ಸೀಮೆಯ ಮರಗಳು. ಈ ಕಾರ್ಖಾನೆಗಳು ತಲೆಮಾರುಗಳಿಗೆ ಅನ್ನ ಕೊಟ್ಟವು, ಕಾಗದದ ಕಾರ್ಖಾನೆ ನಿಂತಾಗ ಊರು ಮರುಗಿತು, ಆ ಮರುಕ ನ್ಯಾಯವಾದದ್ದು. ಆಂಡರ್ಸನ್ ಬರೆದ ಕಾಡು ಇಂದು ಪುಟಗಳಲ್ಲಿರುವಷ್ಟು ದಟ್ಟವಾಗಿ ನೆಲದ ಮೇಲೆ ಇಲ್ಲವೆಂಬುದೂ ಅಷ್ಟೇ ನಿಜ.

ಆ ಕಾಗದದ ಮೇಲೆ ಅಚ್ಚಾದ ಅಗ್ಗದ ಪುಸ್ತಕಗಳೂ ಉಳಿಯುತ್ತಿಲ್ಲ. ಆಮ್ಲ ತುಂಬಿದ ಹಾಳೆಗಳು ಕಂದಿ ಪುಡಿಯಾಗುತ್ತಿವೆ. ಪತ್ತೇದಾರಿ, ಮಾಂತ್ರಿಕ, ವೈಜ್ಞಾನಿಕ ಸಾಹಸಗಳ ಕನ್ನಡ ಪುಸ್ತಕಗಳನ್ನು ಗ್ರಂಥಾಲಯಗಳು ಕೀಳೆಂದು ಕೊಳ್ಳಲಿಲ್ಲ, ಮನೆಗಳು ರದ್ದಿಗೆ ಹಾಕಿದವು. ಯಾರು ಯಾರಿಂದ ಪಡೆದರು ಎಂದು ಅಮೆರಿಕದಲ್ಲಿ ಲುಪಾಫ್ ವಾದ ಹೂಡಲು ಸಾಧ್ಯವಾದದ್ದು ಹಳೆಯ ಪತ್ರಿಕೆಗಳನ್ನು ಅಭಿಮಾನಿಗಳು ಕಾಪಾಡಿದ್ದರಿಂದ. ನಮ್ಮಲ್ಲಿ ಆ ವಾದಕ್ಕೆ ಬೇಕಾದ ಪುರಾವೆಯೇ ಕರಗುತ್ತಿದೆ. 1930ರಿಂದ ನಡೆದುಬಂದಿರುವ ಶಿವಮೊಗ್ಗದ ಕರ್ನಾಟಕ ಸಂಘ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳು ಇಂಥ ಪುಸ್ತಕಗಳನ್ನು ಒಂದೆಡೆ ಸೇರಿಸಿ, ಪಟ್ಟಿ ಮಾಡಿ, ಚಿತ್ರೀಕರಿಸಿ ಇಡಬೇಕು. ಮರುಮುದ್ರಿಸುವ ಪ್ರಕಾಶಕರು ಒಂದು ಪುಟದ ಮುನ್ನುಡಿಯಲ್ಲಿ ಕಥೆಯ ಮೂಲ ಎಲ್ಲಿಯದೆಂದು ಹೇಳಬೇಕು. ಇದು ಪಂಪನ ರೂಢಿಗೆ ಮರಳುವುದೇ ಹೊರತು ಯಾರನ್ನೂ ಕಟಕಟೆಗೆ ಎಳೆಯುವುದಲ್ಲ.

ಹೊಸದಾಗಿ ಬರೆಯುವವರಿಗೆ ಈಗ ಮೂಲಧನದ ಕೊರತೆಯಿಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕೆಂಪು ಗ್ರಹದ ಕಕ್ಷೆ ಸೇರಿದಾಗ ಅದನ್ನು ನಡೆಸುತ್ತಿದ್ದ ಕೇಂದ್ರ ಇದ್ದದ್ದು ಬೆಂಗಳೂರಿನಲ್ಲಿ, ಅದರ ಮಾತು ಕೇಳಿಸಿಕೊಂಡ ದೊಡ್ಡ ಆಂಟೆನಾ ಇದ್ದದ್ದು ರಾಮನಗರದ ಕಡೆಯ ಬ್ಯಾಲಾಳುವಿನಲ್ಲಿ. ಲೊವೆಲ್ ಊಹಿಸಿದ ಮಂಗಳಕ್ಕಿಂತ ನಿಜವಾದ ಮಂಗಳ ಇಂದು ಕನ್ನಡಿಗರ ಕೈಯಳತೆಯಲ್ಲಿದೆ. ಕನ್ನಡದ ಹುಡುಗಿಯೊಬ್ಬಳು ನಾಳೆ ಮಂಗಳನ ಸಾಹಸ ಬರೆದರೆ ಬರೋಸನಿಂದ ವೇಗವನ್ನು ಪಡೆಯಲಿ, ಆ ಹೆಸರನ್ನೂ ಹೇಳಲಿ. ಗೆದ್ದದ್ದೆಲ್ಲ ನನ್ನದು ಎನ್ನುವ ಅವನ ವೀರನನ್ನು ಮಾತ್ರ ತರಬೇಕಾಗಿಲ್ಲ. ಅವನ ಜಾಗಕ್ಕೆ ಮಂದಣ್ಣನಂಥ ಕಣ್ಣುಳ್ಳ ಒಬ್ಬನನ್ನು ಕಳಿಸುವಷ್ಟು ಶ್ರೀಮಂತಿಕೆ ಕನ್ನಡದಲ್ಲಿ ಈಗಾಗಲೇ ಇದೆ.